ನೂರಕ್ಕೆ ಎರಡು ಎಂದರೆ ಏನು, ಮಾನ್ಯರೇ?

ಗಣಿ ಕಂಪನಿಗಳು ಷೇರು ಮಾರುವ ಮುನ್ನ ಯಾರ ಮುದ್ರೆ ಒತ್ತಿಸಿಕೊಂಡು ಬರುತ್ತವೆಯೋ, ಆ ಕಚೇರಿಯ ಮೇಲಧಿಕಾರಿಗಳಿಗೆ,

ಹರಿಹರ, ೧೯೬೧

ಮಾನ್ಯರೇ,

ನಿಮ್ಮ ಮುದ್ರೆ ಬಿದ್ದ ಒಂದು ಹಾಳೆಯನ್ನು ನಂಬಿ ನನ್ನ ಅಣ್ಣ ಮಾತು ಬಿಟ್ಟಿದ್ದಾನೆ. ದುಡ್ಡು ಹೋಯಿತೆಂದು ಗೋಳಿಡುವ ಪತ್ರಗಳು ನಿಮ್ಮ ಮೇಜಿನ ಮೇಲೆ ಸಾಕಷ್ಟು ಬಿದ್ದಿರಬಹುದು. ಹೋದ ದುಡ್ಡನ್ನು ನಾನು ಕೇಳುತ್ತಿಲ್ಲ. ಅಣ್ಣನ ಮಾತು ಕೇಳುತ್ತಿದ್ದೇನೆ. ನಾನು ಹರಿಹರದ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುವವಳು.

ಅಣ್ಣ ಗುಡ್ಡಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್. ಪಾಳಿ ಮುಗಿಸಿ ಬಂದು, ಮುಖ ತೊಳೆದು, ಓಣಿಯ ಕಟ್ಟೆಯ ಮೇಲೆ ಕೂತು ಪೇಪರನ್ನು ಗಟ್ಟಿಯಾಗಿ ಓದುವುದು ಅವನ ರೂಢಿಯಾಗಿತ್ತು. ಅಕ್ಷರ ಬಾರದ ಆ ಓಣಿಗೆ ಅವನ ಬಾಯಿಂದ ಬಂದದ್ದೇ ಸುದ್ದಿ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ನೆರೆಮನೆಯ ಹಜೀರಾಬೀ ಒಂದು ಬೊಗಸೆ ಬಿಸಿ ಮಂಡಕ್ಕಿ ತಂದು ಅವನ ಮುಂದೆ ಸುರಿದು, "ಓದ್ರಿ ಗುಡ್ಡಣ್ಣಾ, ಇವತ್ತೇನೈತೆ?" ಎಂದು ಕೂರುತ್ತಿದ್ದಳು. ಕಳೆದ ವರ್ಷ ಯುಗಾದಿಯ ನಂತರ ಒಂದು ಸಂಜೆ ಪೇಪರಿನೊಳಗೆ ಆ ಹಾಳೆಯೂ ಸೇರಿಕೊಂಡು ಬಂತು.

ನಮ್ಮ ಸೀಮೆಯ ಗುಡ್ಡವೊಂದರಲ್ಲಿ ಭೂಮಿ ಕೊರೆಯುತ್ತಿರುವುದಾಗಿಯೂ, ಮೊದಲನೆಯ ಕೊರೆತದಲ್ಲಿಯೇ 'ನಿಕ್ಕಲ್ ನೂರಕ್ಕೆ ಎರಡು' ದೊರೆತಿರುವುದಾಗಿಯೂ, ಷೇರುಗಳು ಕೆಲವೇ ಉಳಿದಿರುವುದಾಗಿಯೂ ಅದರಲ್ಲಿ ಅಚ್ಚಾಗಿತ್ತು. ಕೆಳಗೆ ದುಂಡಗೆ, ನೀಲಿಯಾಗಿ, ನಿಮ್ಮ ಮುದ್ರೆ.

ಮಾನ್ಯರೇ, ನೂರು ಪಾಲು ಕಲ್ಲಿನಲ್ಲಿ ಎರಡು ಪಾಲು ಲೋಹ ಎಂದು ನೀವು ಓದಿಕೊಂಡಿರಿ. ಓದಿದವರು ನೀವು. ದಾವಣಗೆರೆಯ ಚೌಕಿಪೇಟೆ ಬಜಾರಿನಲ್ಲಿ ನಿಂತು 'ನೂರಕ್ಕೆ ಎರಡು' ಎಂದು ಒಮ್ಮೆ ಹೇಳಿ ನೋಡಿ. ಕೈಸಾಲ ಕೊಡುವವನು, ಒಡವೆ ಒತ್ತೆ ಇಡುವವಳು, ಹತ್ತಿ ದಲ್ಲಾಳಿ, ಯಾರನ್ನೇ ಕೇಳಿದರೂ ಒಂದೇ ಅರ್ಥ ಹೇಳುತ್ತಾರೆ: ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಅವರನ್ನು ದಡ್ಡರೆಂದು ನಗಬೇಡಿ. ನಾನು ಮಕ್ಕಳಿಗೆ ಕಲಿಸುವ ಪುಸ್ತಕದಲ್ಲಿಯೂ ಶೇಕಡಾ ಲೆಕ್ಕ ಶುರುವಾಗುವುದು ಬಡ್ಡಿಯಿಂದಲೇ. ಕಲ್ಲಿನೊಳಗಿನ ಶೇಕಡಾವನ್ನು ಯಾವ ತರಗತಿಯಲ್ಲಿ ಕಲಿಸಲು ಹೇಳಿದ್ದೀರಿ?

ಅಣ್ಣ ಕಟ್ಟೆಯ ಮೇಲೆ ಅದನ್ನು ಬಡ್ಡಿಯೆಂದೇ ಓದಿದ. ಮುದ್ರೆಯನ್ನೂ ಎತ್ತಿ ತೋರಿಸಿದ. ಷೇರು ಏಜೆಂಟ್ ಭರಮಣ್ಣ ತನ್ನ ಅಂಗಡಿಯ ಮುಂದೆ ಕರಿಹಲಗೆ ನಿಲ್ಲಿಸಿ, ದಿನದ ಬೆಲೆ ಬರೆದು, ಬಂದವರಿಗೆ ಪಾಠ ಹೇಳಿದ: "ರೂಪಾಯಿ ನಾಣ್ಯ ಈಗ ಯಾತರಾಗೆ ಮಾಡ್ತಾರ್ರಿ? ನಿಕ್ಕಲ್‌ನಾಗೆ! ಅಂದ್ಮ್ಯಾಗೆ ಆ ಗುಡ್ಡದಾಗೆ ಇರೋದೇನು? ರೂಪಾಯಿನೇ ಅಲ್ಲೇನ್ರಿ?" ಬಡ್ಡಿಯ ಮಾತನ್ನು ಅವನು ಆಡಲಿಲ್ಲ. ಆಡಿದವರನ್ನು ತಿದ್ದಲೂ ಇಲ್ಲ. ಅಣ್ಣನೂ ಷೇರು ಕೊಂಡ, ಅವನನ್ನು ನಂಬಿ ಓಣಿಯವರೂ ಕೊಂಡರು. ಸ್ವಂತ ಭಟ್ಟಿ ಹಾಕಬೇಕೆಂದು ಹಜೀರಾಬೀ ಕೂಡಿಟ್ಟದ್ದೆಲ್ಲ ಹೀಗೆ ಗುಡ್ಡದ ಪಾಲಾಯಿತು.

ಎರಡನೆಯ ಕೊರೆತ ಶುರುವಾದ ಸುದ್ದಿ ಬಂದಾಗ ಹಲಗೆಯ ಮೇಲೆ ಬೆಲೆ ದುಪ್ಪಟ್ಟಾಯಿತು. ಆ ಭಾನುವಾರ ಅಣ್ಣ ಹರಿಹರಕ್ಕೆ ನನ್ನನ್ನು ನೋಡಲು ಬಂದಿದ್ದ. ಮಾರಿಬಿಡು ಎಂದೆ.

"ಹುಚ್ಚಿ! ಗಣಿ ಶುರುವಾದ್ಮ್ಯಾಗೆ ತಿಂಗಳಾ ತಿಂಗಳಾ ಬಡ್ಡಿ ಬರೋದನ್ನ ಯಾರಾನ ಮಾರ್ತಾರೇನು?"

ಬಡ್ಡಿ ಎಲ್ಲಿಂದ ಬಂತೆಂದು ಕೇಳಿದ ಮೇಲೆ ಅವನು ಅಂಗಿಯ ಜೇಬಿನಿಂದ ಆ ಹಾಳೆ ತೆಗೆದು ತೋರಿಸಿದ. ನಾನು ಅದನ್ನು ಓದಿ, ಇದು ಕಲ್ಲಿನ ಲೆಕ್ಕ, ಬಡ್ಡಿಯ ಮಾತೇ ಇಲ್ಲ, ನಾಳೆಯೇ ಎಲ್ಲರಿಗೂ ಹೇಳಿ ಮಾರಿಸು ಎಂದು ಅಂಗಲಾಚಿದೆ. ಅವನು ನನ್ನ ಮುಖವನ್ನೂ ಮುದ್ರೆಯನ್ನೂ ನೋಡಿದ.

"ಸರ್ಕಾರದ ಮುದ್ರೆ ಐತಲ್ಲವ್ವಾ ಹಂಪವ್ವಾ. ಬಡ್ಡಿ ಕೊಡ್ದಿದ್ರೆ ಅವ್ರು ಯಾಕ ಒತ್ತತಿದ್ರು?"

ಒಡಹುಟ್ಟಿದ ತಂಗಿಗಿಂತ ನಿಮ್ಮನ್ನು ಹೆಚ್ಚು ನಂಬಿದ, ಮಾನ್ಯರೇ. ಇಂಥ ಪ್ರಜೆ ಸಿಗುವುದು ಯಾವ ಸರ್ಕಾರಕ್ಕಾದರೂ ಭಾಗ್ಯವೇ ಸರಿ.

ಮುಂದಿನದು ನಿಮಗೆ ಗೊತ್ತಿದೆ. ನೂರಕ್ಕೆ ಎರಡು ಸಿಕ್ಕಿದ್ದು ಗೇಣುದ್ದದ ಕಲ್ಲಿನಲ್ಲಿ ಮಾತ್ರ. ಆಮೇಲೆ ಕೊರೆದಲ್ಲೆಲ್ಲ ಬರೀ ಕಲ್ಲು. ಅರ್ಥ ತಿಳಿದವರು ಬೆಲೆ ಏರಿದಾಗಲೇ ಮಾರಿ ಕೈತೊಳೆದುಕೊಂಡಿದ್ದರು, ಭರಮಣ್ಣ ಎಲ್ಲರಿಗಿಂತ ಮುಂಚೆ. ಬಡ್ಡಿಗೆ ಕಾದವರು ಮಾತ್ರ ಉಳಿದರು. ದಸರೆಯ ಹೊತ್ತಿಗೆ ಕರಿಹಲಗೆಯೂ ಇಲ್ಲ, ಕಂಪನಿಯೂ ಇಲ್ಲ.

ಅಂದಿನಿಂದ ಅಣ್ಣ ಕಟ್ಟೆ ಹತ್ತಿಲ್ಲ. ಗಿರಣಿಗೆ ಹಿತ್ತಲ ಸಂದಿಯಿಂದ ಹೋಗುತ್ತಾನೆ, ಅಲ್ಲಿಂದಲೇ ಬರುತ್ತಾನೆ. ಅವನ ಬಾಯಿಂದ ಒಂದು ಮಾತಿಲ್ಲ. ಗಾಳಿ ಸೋಕಿದೆಯೆಂದು ಅತ್ತಿಗೆ ಉಚ್ಚಂಗಮ್ಮ ಹಟ ಹಿಡಿದಳು. ಅಮಾವಾಸ್ಯೆಗೆ, ದೆವ್ವ ಬಿಡಿಸುವ ಕ್ಷೇತ್ರವೆಂದು ಹೆಸರಾದ ಉಕ್ಕಡಗಾತ್ರಿಗೆ ಕರೆದೊಯ್ದೆವು. ಹೊಳೆಯಲ್ಲಿ ಮುಳುಗಿಸಿ, ಅಜ್ಜಯ್ಯನ ಸನ್ನಿಧಿಯಲ್ಲಿ ಕೂರಿಸಿದೆವು. ಸುತ್ತ ಜನ ಕೂಗುತ್ತಿದ್ದರು, ತಲೆಗೂದಲು ಕೆದರಿಕೊಂಡು ಆಡುತ್ತಿದ್ದರು. ಹಿರಿಯರೊಬ್ಬರು ಇವನ ಮುಂದೆ ಕೂತು, "ಯಾರು ನೀನು? ಹೆಸರು ಹೇಳು!" ಎಂದು ಗದರಿದರು. ಅಣ್ಣ ಮೆಲ್ಲಗೆ ಬಾಯಿ ತೆರೆದ.

"ನೂರಕ್ಕೆ ಎರಡು," ಎಂದ.

ಆ ಹಿರಿಯರಿಗೆ ಅಂಥ ದೆವ್ವದ ಪರಿಚಯವಿರಲಿಲ್ಲ. ನನಗಿತ್ತು. ನಾನು ಅಲ್ಲೇ ಕಂಬ ಹಿಡಿದು ಅತ್ತುಬಿಟ್ಟೆ.

ಊರಿಗೆ ಬಂದವಳು ನಿಮ್ಮ ಕಚೇರಿಗೆ ಬರೆದೆ. ನೀವು ಉತ್ತರಿಸಿದಿರಿ, ಕೃತಜ್ಞಳು. ಮುದ್ರೆಯ ಇಂಗ್ಲಿಷ್ ಅಕ್ಷರಗಳ ಅರ್ಥ 'ಸ್ವೀಕರಿಸಲಾಗಿದೆ' ಎಂದಷ್ಟೇ, ಒಳಗಿನ ವಿಷಯಕ್ಕೆ ಕಚೇರಿ ಹೊಣೆಯಲ್ಲ ಎಂದು ತಿಳಿಸಿದಿರಿ. ಹಾಗಾದರೆ ಅದನ್ನು ಕನ್ನಡದಲ್ಲಿ ಒತ್ತಲು ಯಾರು ಬೇಡವೆಂದಿದ್ದರು? ಫಿಟ್ಟರ್ ಗುಡ್ಡಪ್ಪನಿಗೆ ನಿಮ್ಮ ಇಂಗ್ಲಿಷ್ ತಿಳಿಯದು, ನಿಮಗೆ ಅವನ ನೂರಕ್ಕೆ ಎರಡು ತಿಳಿಯದು. ಇಬ್ಬರ ನಡುವೆ ಭರಮಣ್ಣನಿಗೆ ಎರಡೂ ತಿಳಿದಿತ್ತು.

ಹಜೀರಾಬೀ ಈಗಲೂ ಸಂಜೆ ಮಂಡಕ್ಕಿ ಹಿಡಿದು ಅಣ್ಣನ ಬಾಗಿಲಿಗೆ ಬರುತ್ತಾಳೆ. ಅವಳು ಈಗಲೂ ಬೇರೆಯವರ ಭಟ್ಟಿಯಲ್ಲೇ ಬೇಯುತ್ತಿದ್ದಾಳೆ. "ಗುಡ್ಡಣ್ಣಾ, ಹೊರಗ ಬರ್ರಿ. ನಾನೇನು ನಿಮ್ನ ಬೈದೆನಾ? ಬಂದು ಪೇಪರ್ ಓದ್ರಿ," ಎನ್ನುತ್ತಾಳೆ. ಅವಳು ಬೈದಿದ್ದರೆ ಅವನು ಅತ್ತು ಹಗುರಾಗುತ್ತಿದ್ದನೋ ಏನೋ. ಬಾಗಿಲ ಹಿಂದೆ ತಲೆ ತಗ್ಗಿಸಿ ಕೂರುತ್ತಾನೆ.

ನನ್ನ ಬೇಡಿಕೆ ಚಿಕ್ಕದು. ಒಂದು ಹಾಳೆಯ ಮೇಲೆ, ಕನ್ನಡದಲ್ಲಿ, 'ಈ ಮುದ್ರೆಯ ಅರ್ಥವನ್ನು ಜನರಿಗೆ ತಿಳಿಸದಿದ್ದುದು ನಮ್ಮ ತಪ್ಪು, ಗುಡ್ಡಪ್ಪನದಲ್ಲ' ಎಂದು ಬರೆಸಿ. ಕೆಳಗೆ ಅದೇ ದುಂಡು ಮುದ್ರೆ ಒತ್ತಿಸಿ. ಅವನು ತಂಗಿಯ ಮಾತು ನಂಬುವುದಿಲ್ಲ, ಹಜೀರಾಬೀಯ ಮಾತು ನಂಬುವುದಿಲ್ಲ. ನಿಮ್ಮ ಮುದ್ರೆಯನ್ನು ಇನ್ನೂ ನಂಬುತ್ತಾನೆ. ಆ ಹಾಳೆಯನ್ನು ಅವನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕೂರಿಸುತ್ತೇನೆ. ಓದು ಅಣ್ಣಾ, ನಮಗ್ಯಾರಿಗೂ ಓದಲು ಬರುವುದಿಲ್ಲ ಎನ್ನುತ್ತೇನೆ.

ಇಂತಿ,
ಶೇಕಡಾ ಲೆಕ್ಕವನ್ನು ಈಗಲೂ ಬಡ್ಡಿಯಿಂದಲೇ ಕಲಿಸುತ್ತಿರುವ,
ಗುಡ್ಡಪ್ಪನ ತಂಗಿ ಹಂಪವ್ವ