ಸೇತುವೆಯ ಹತ್ತಿರ ನಿಂತ ಲಾರಿ

ಸೋಮವಾರ, ಮಧ್ಯಾಹ್ನ

ನನ್ನ ಅತಿಜಾಣೆ ಮೊಮ್ಮಗಳಿಗೆ,

ನಿನ್ನ ಕೈಗೆ ಪೆನ್ನು ಕೊಟ್ಟವರು ಯಾರೇ? ಅಜ್ಜನ ಕಥೆಯನ್ನು ನಿಮ್ಮ ವಾರಪತ್ರಿಕೆಯಲ್ಲಿ ಹಾಕಿಸುತ್ತೇನೆ ಅಂದೆ, ಹಾಕಿಸಿದೆ, ಸರಿ. ಅದಕ್ಕೊಂದು ಬಾಲ ಅಂಟಿಸು ಅಂತ ಹೇಳಿದವರು ಯಾರು? ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ನನಗಿರುವಷ್ಟು ಬುದ್ಧಿಯೂ ನಿನಗಿಲ್ಲವಲ್ಲ!

ಯುದ್ಧದಿಂದ ಬಂದಾಗಿನಿಂದ ಅಜ್ಜ ಬರೆಯುವುದು ಒಂದೇ ಕಥೆ. ನಗುಮುಖದ ಡ್ರೈವರೊಬ್ಬ ಮಿಲಿಟರಿ ಲಾರಿ ಓಡಿಸಿಕೊಂಡು ಮನೆಗೆ ಹೊರಟಿದ್ದಾನೆ. ಪ್ರತಿ ಸಲವೂ ಒಂದಿಷ್ಟು ದಾರಿ ಸಾಗುತ್ತದೆ, ಮನೆ ಮಾತ್ರ ಮುಟ್ಟುವುದಿಲ್ಲ. ಆ ಲಾರಿಗಿಂತ ಎಮ್ಮೆ ವಾಸಿ ಅಂತ ನಾನೇ ಎಷ್ಟು ಹಂಗಿಸಿದ್ದೇನೆ. ಈ ಸಲ ನಮ್ಮ ಬೀದಿಯಾಚೆಯ ಸೇತುವೆವರೆಗೆ ಬಂದಿತ್ತು. ನೀನು, ಮಹಾತಾಯಿ, ಕಥೆಗೆ ಮುಕ್ತಾಯವಿಲ್ಲ ಅಂತ ಅಲ್ಲೇ ಅದರ ಮೇಲೆ ಬಾಂಬು ಹಾಕಿಬಿಟ್ಟೆ.

ಅಜ್ಜನಿಗೆ ಕಣ್ಣು ಮಂಜು ಅಂತ ನಿನ್ನೆ ನಾನೇ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಬಾಂಬು ಅನ್ನುವ ಮಾತು ಬಂದದ್ದೇ ತಡ, ಅವರ ಕೈಯ ಟೀ ಲೋಟ ನೆಲಕ್ಕೆ ಬಿತ್ತು. "ಅವಳಿಗೆ ಯಾರು ಹೇಳಿದ್ರು?" ಅಂದರು. "ಕಥೆ ಅಲ್ವೇನ್ರೀ?" ಅಂದೆ. ಒಡೆದ ಗಾಜನ್ನು ಬರಿಗೈಯಲ್ಲಿ ಬಳಿಯುತ್ತಾ ಯುದ್ಧದಲ್ಲಿ ನಿಜವಾಗಿ ನಡೆದದ್ದನ್ನು ಹೇಳಿದರು. ಇಂಜಿನ್ ಕಾದಿತ್ತಂತೆ. ನೀರು ತರಲು ಇವರು ಕ್ಯಾನು ಹಿಡಿದು ಹಳ್ಳಕ್ಕೆ ಇಳಿದರಂತೆ. "ಬೇಗ ಬನ್ನಿ, ಇಲ್ಲಾಂದ್ರೆ ಬಿಟ್ಟು ಹೊರಟೆ" ಅಂತ ಡ್ರೈವರ್ ನಕ್ಕನಂತೆ. ಮೇಲೆ ಹತ್ತಿ ಬಂದರೆ ಲಾರಿಯಿಲ್ಲ, ಬರೀ ಹೊಗೆ.

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಇದು ನನಗೆ ಗೊತ್ತಿರಲಿಲ್ಲ ಕಣೇ. "ಬರೀತಾ ಇದ್ರೆ ಅವನು ಓಡಿಸ್ತಾ ಇರ್ತಾನೆ. ಇನ್ನೇನು ಮನೆ ಮುಟ್ಟಿಸ್ತಿದ್ದೆ" ಅಂದರು. ಆಮೇಲೆ ಪೆನ್ನಿಗೆ ಹಾಕಿದ ಕ್ಯಾಪು ಇನ್ನೂ ತೆಗೆದಿಲ್ಲ. ಊಟಕ್ಕೆ ಕರೆದರೆ ಗೋಡೆ ನೋಡುತ್ತಾರೆ.

ನಿನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೂ ಕೆಡಿಸಿದವಳು ನೀನು, ನೀನೇ ಸರಿಮಾಡು. ಆ ಬಾಲ ಕತ್ತರಿಸಿ ಇನ್ನೊಮ್ಮೆ ಅಚ್ಚು ಹಾಕಿಸು. ಲಾರಿ ಸೇತುವೆಯ ಹತ್ತಿರ ಇದೆ, ಇಂಜಿನ್ ಓಡುತ್ತಿದೆ, ಅಷ್ಟು ಸಾಕು. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಬಾಯಿಬಡುಕಿ ಅಜ್ಜಿ

ಇನ್ನೊಂದು ಮಾತು. ಆ ಡ್ರೈವರ್ ನನ್ನ ತಮ್ಮ. ಕಥೆಯಲ್ಲಿರುವವನು ಅವನೇ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕಾಣೆಯಾಗಿದ್ದಾನೆ ಅಂತಷ್ಟೇ ತಂತಿ ಬಂದಿತ್ತು. ಬೀದಿಯಲ್ಲಿ ಲಾರಿ ನಿಂತ ಸದ್ದಾದರೆ ನಿನ್ನೆಯವರೆಗೂ ನಾನು ಬಾಗಿಲಿಗೆ ಹೋಗುತ್ತಿದ್ದೆ. ಇದನ್ನು ಬರೆಯುತ್ತಿರುವಾಗಲೇ ಒಂದು ನಿಂತಿತು. ನಾನು ಏಳಲಿಲ್ಲ. ನಿನ್ನ ಅಜ್ಜ ಎದ್ದು ಹೋದರು.