ತಲೆ ನನ್ನದು, ಒಪ್ಪಿಗೆ ನಿಮ್ಮದು

ಟಿವಿ ಚರ್ಚಾ ಕಾರ್ಯಕ್ರಮದ ನಿರ್ದೇಶಕರೇ,

'ಮಾನ್ಯ' ಎಂದು ಬರೆದು ಹೊಡೆದುಹಾಕಿದ್ದೇನೆ. ನಿಮ್ಮ ಕಾರ್ಯಕ್ರಮದಲ್ಲಿ ನಾನು ತಲೆಯಾಡಿಸಿದ್ದನ್ನು ನೋಡಿದ ದಿನದಿಂದ ನಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆ ತಲೆ ನನ್ನದೇ. ಒಪ್ಪಿಗೆ ಮಾತ್ರ ನಿಮ್ಮದು.

ಶಾಲೆ ಬಿಟ್ಟ ಹುಡುಗರ ಬಗ್ಗೆ ಚರ್ಚೆ. ಬಿಟ್ಟವನೊಬ್ಬ ಎದುರಿಗೇ ಕೂತಿದ್ದರೆ ಕಳೆ ಬರುತ್ತದೆಂದು ನನ್ನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದಿರಿ. ನಿಮ್ಮ ಖ್ಯಾತ ಚಿಂತಕರು ಇನ್ನೂ ಬಂದಿರಲೇ ಇಲ್ಲ, ಅಷ್ಟರಲ್ಲೇ ಕ್ಯಾಮೆರಾ ನನ್ನ ಮುಖಕ್ಕೆ ಬಂತು.

"ಸುಮ್ನೆ ತಲೆ ಆಡ್ಸಿ, ಒಪ್ಕೊಂಡಂಗೆ," ಎಂದರು ಕ್ಯಾಮೆರಾದವರು.

"ಯಾವುದಕ್ಕೆ ಸಾರ್?"

"ಯಾವುದಕ್ಕಾದ್ರೂ ಆಗುತ್ತೆ ಕಣ್ರೀ, ಎಡಿಟಿಂಗಲ್ಲಿ ಹಾಕ್ಕೋತೀವಿ. ಆಡ್ಸಿ."

ಆಡಿಸಿದೆ. ಪಕ್ಕದಲ್ಲಿ ಟೇಬಲ್ ಫ್ಯಾನೂ ತಲೆ ಆಡಿಸುತ್ತಿತ್ತು, ಆದರೆ ಅಡ್ಡಡ್ಡ. ಆ ಹೊತ್ತಿಗೆ 'ಇಲ್ಲ' ಎನ್ನುತ್ತಿದ್ದದ್ದು ಅದೊಂದೇ.

ಆಮೇಲೆ ಚಿಂತಕರು ಬಂದರು. "ಇಂಥ ಮನೆಗಳಲ್ಲಿ ಮಕ್ಕಳ ಓದಿಗೆ ಮೊದಲ ಶತ್ರು ತಾಯಿಯೇ," ಎಂದು ಅಪ್ಪಣೆ ಕೊಡಿಸಿದರು. ಇಂಥ ಮನೆ ಎಂದರೆ ಎಂಥದ್ದು ಸ್ವಾಮಿ? ಒಂದು ದಿನವಾದರೂ ಹೊಸ್ತಿಲು ದಾಟಿದ್ದಾರೆಯೇ? ಒಂಬತ್ತನೇ ಕ್ಲಾಸಿನಲ್ಲಿ ನಾನು ಕಾಂಪೌಂಡ್ ಹಾರಿ ಓಡಿಬಂದಾಗಲೆಲ್ಲ, ಹೊಲಿಗೆ ಮೆಷಿನ್ ಬಿಟ್ಟೆದ್ದು, ಕಿವಿ ಹಿಡಿದು ಸ್ಕೂಲಿನ ಗೇಟಿನವರೆಗೂ ಎಳೆದುಕೊಂಡು ಹೋದವರು ನಮ್ಮಮ್ಮ ಗಿರಿಜಾಂಬಾ. ಸ್ಕೂಲು ಬಿಟ್ಟವನು ನಾನು. ಬಿಡಿಸಿದವರು ಯಾರೂ ಇಲ್ಲ. ಅದನ್ನು ಹೇಳಲೆಂದೇ ಎದ್ದು ನಿಂತು "ಸುಳ್ಳು!" ಎಂದು ಕೂಗಿದೆ. ಟಿವಿಯಲ್ಲಿ ಆ ಕೂಗು ಇಲ್ಲ. ಅವರು 'ತಾಯಿ' ಎಂದೊಡನೆ ಬರುವುದು ನನ್ನ ಮುಖ, ಮೇಲೆ ಕೆಳಗೆ, ಮೇಲೆ ಕೆಳಗೆ. ವಿಚಾರವಂತರು ಬಾಯಿ ತೆರೆಯುವ ಮೊದಲೇ ಜನರ ಒಪ್ಪಿಗೆ ತಯಾರಾಗಿರಬೇಕೆ?

ಪಕ್ಕದ ಮನೆಯ ಸೋಮಮ್ಮ ನಮ್ಮಲ್ಲೇ ಕೂತು ನೋಡಿದರು. "ನಿಮ್ಮುಡುಗ ಎಷ್ಟ್ ಚೆಂದ ತಲೆ ಆಡಿಸ್ತಾನೆ ಕಣಮ್ಮ!" ಎಂದು ನಕ್ಕು ಎದ್ದುಹೋದರು. ನಾನು ನಡೆದದ್ದೆಲ್ಲ ಹೇಳಿದೆ.

"ಅವ್ರು ಬರಕ್ ಮುಂಚೆನೇ ಒಪ್ಕೊಂಡ್ಯಾ? ಟಿವಿಯವ್ರು ಅಂಗೆಲ್ಲಾ ಮಾಡ್ತಾರೇನೋ?" ಎಂದರು ಅಮ್ಮ. "ಬುಡು. ಈಗ ಸುಳ್ಳು ಬೇರೆ ಕಲ್ತ್‌ಬುಟ್ಟೆ." ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು.

ಫೇಲಾದ ಮಾರ್ಕ್ಸನ್ನೂ ಅವರಿಂದ ಮುಚ್ಚಿಡದವನು ನಾನು.

ಕ್ಷಮಾಪಣೆ ಬೇಡ, ಅದನ್ನೂ ಕತ್ತರಿಸುತ್ತೀರಿ. ನಿಮ್ಮ ಚಿಂತಕರನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ತಲೆಯಾಡಿಸಲು ಹೇಳಿ. ಯಾವುದಕ್ಕೆ ಎಂದು ಕೇಳಿದರೆ ಉತ್ತರ ಕೊಡಬೇಡಿ. ಅದಾದ ಮೇಲೆ ಮೈಕನ್ನು ನಮ್ಮಮ್ಮನ ಕೈಗೆ ಕೊಡಿ. ಚಿಂತಕರ ಬಗ್ಗೆ ಅವರು ಆಡುವ ಒಂದೊಂದು ಮಾತಿಗೂ ಆ ತಲೆಯನ್ನು ಅಂಟಿಸಿ, ನಿಮ್ಮ ಕಾರ್ಯಕ್ರಮದ ಹೊತ್ತಿಗೇ ಪ್ರಸಾರ ಮಾಡಿ. ಸೋಮಮ್ಮನವರನ್ನು ನಾನೇ ಕರೆದು ಕೂರಿಸುತ್ತೇನೆ.

ಇಂತಿ,
ಇನ್ನೂ ಏನನ್ನೂ ಒಪ್ಪಿಕೊಂಡಿರದ
ಅಮರೇಶ್
ಲಷ್ಕರ್ ಮೊಹಲ್ಲಾ, ಮೈಸೂರು
2003