ಗೋಲು ಬಿಟ್ಟವನಿಗೆ ಮೊದಲ ಸ್ಥಾನ

ಶ್ರೀರಾಂಪುರ,
ಗುರುವಾರ

ಬಾಗೂರಿನ ಚಿರಂಜೀವಿ ಮಾರುತೇಶನಿಗೆ ಆಶೀರ್ವಾದಗಳು.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಇಪ್ಪತ್ತು ವರ್ಷದ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ನಿನ್ನನ್ನೇ ಮೊದಲಿಗಿಟ್ಟೆ. ಕಾರ್ಯದರ್ಶಿ ತಿಪ್ಪೇಸ್ವಾಮಿ ಕೆರಳಿದ: “ಏನ್ರಿ ಮೇಷ್ಟ್ರೇ, ಫೈನಲ್‌ನಾಗೆ ಗೋಲ್ ಕಾಯೋದು ಬಿಟ್ಟು ಓಡಿ ಕಪ್ ಕಳೆದೋನು ಮೊದಲ್ನೇನಾ?”

“ಕಾಮೆಂಟ್ರಿ ಹೇಳ್ತಾ ಮೈಕಿನ ಮುಂದೆ ಎದೆ ಹಿಡ್ಕಂಡು ಬಿದ್ದಿದ್ದ ನನ್ನನ್ನ ಆಸ್ಪತ್ರೆಗೆ ಹೊತ್ಕಂಡು ಓಡ್ದ ಕಣಲೇ. ಅಲ್ಲೇ ನಿಂತಿದ್ರೆ ಕಪ್ ಇರ್ತಿತ್ತು, ಪಟ್ಟಿ ಓದಾಕೆ ನಾನಿರ್ತಿರಲಿಲ್ಲ,” ಎಂದೆ. ಪಟ್ಟಿ ಪಾಸಾಯಿತು.

ನಾಟಕಗಳಲ್ಲಿ ರಾಜಪಾರ್ಟು ಕಟ್ಟಿ ರಂಗದ ಮೇಲೆ ಎಷ್ಟೋ ಸಲ ಸತ್ತು ನಾನೇ ಎದ್ದಿದ್ದೇನೆ. ಅಂದು ಎಬ್ಬಿಸಿದವನು ನೀನು.

ಆ ಸೋಲಿನ ಮೇಲೆ ನೀನು ಮೈದಾನಕ್ಕೆ ಕಾಲಿಟ್ಟಿಲ್ಲ. ಭಾನುವಾರ ಅಲ್ಲೇ ಮೈಕಿನಲ್ಲಿ ಪಟ್ಟಿ ಓದುತ್ತೇನೆ, ಕೈಗವಸು ತೊಟ್ಟು ಬಾ. ಬಾರದಿದ್ದರೆ ನಿನ್ನ ಹೆಸರನ್ನು ಬಾಗೂರಿಗೆ ಕೇಳುವಂತೆ ಕೂಗಬೇಕಾದೀತು. ಹಾಗೆ ಕೂಗಬಾರದೆಂದು ಡಾಕ್ಟರು ಹೇಳಿದ್ದಾರೆ.

ನೀನು ಉಳಿಸಿದ ದನಿ,
ಚಿತ್ರಲಿಂಗಪ್ಪ